ಬೋರಿನ ನೀರು ಸಿಹಿ, ಮಗಳ ಹಲ್ಲಿನ ಮೇಲೆ ಕಂದು ಗೆರೆ: ಮುಂಡರಗಿ ತಾಲೂಕಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. 2016ರಲ್ಲಿ ಹಿತ್ತಲಿನಲ್ಲಿ 280 ಅಡಿ ಬೋರು ಹೊಡೆಸಿದೆವು. ನೀರು ಸಿಹಿ, ಬೇಳೆ ಬೇಗ ಬೇಯುತ್ತದೆ, ಓಣಿಯ ಮಂದಿಯೂ ಕುಡಿಯಲು ಇದನ್ನೇ ಒಯ್ಯುತ್ತಾರೆ. ಅದೇ ವರ್ಷ ಹುಟ್ಟಿದ ಮಗಳಿಗೆ ಈಗ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು ಕಾಣುತ್ತಿವೆ. ಶಾಲೆಗೆ ಬಂದ ವೈದ್ಯರು ಫ್ಲೋರೈಡ್ ಎಂದರು. ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ ಲೀಟರಿಗೆ 2.6 ಮಿಲಿಗ್ರಾಂ, ಕ್ಯಾಲ್ಸಿಯಂ 22, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಅಳತೆ) 780, ಪಿಎಚ್ (ಆಮ್ಲ, ಕ್ಷಾರದ ಅಳತೆ) 8.2 ಬಂದಿದೆ. ಆಶ್ಚರ್ಯವೆಂದರೆ, ಪಕ್ಕದ ಮನೆಯವರ ಹಳೆಯ ಸವುಳು ಬಾವಿಯಲ್ಲಿ ಫ್ಲೋರೈಡ್ ಬರೀ 0.9. ಅಲ್ಲಿ ಟಿಡಿಎಸ್ 1,900, ನೈಟ್ರೇಟ್ 95. ಹೊಳೆ ನೀರಿನ ನಳ ನಮ್ಮಲ್ಲಿಯೂ ಇದೆ, ಆದರೆ ಐದಾರು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲದಲ್ಲಿ ಕೆಂಪಾಗಿರುತ್ತದೆ. ಹಾಗಾಗಿ ಅದನ್ನು ಸ್ನಾನಕ್ಕೆ, ಬಟ್ಟೆಗೆ, ದನಗಳಿಗೆ ಬಳಸುತ್ತೇವೆ. ಬೋರನ್ನು 600 ಅಡಿಗೆ ಇಳಿಸಿದರೆ ಒಳ್ಳೆಯ ನೀರು ಸಿಗುತ್ತದೆ ಎಂದು ಬೋರಿನವರು ಹೇಳುತ್ತಾರೆ. ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದ ಒಬ್ಬ ಹುಡುಗ ನಮ್ಮ ನೀರಿನಲ್ಲಿ ಎರಡು ಸರಳು ಅದ್ದಿ ಕಂದು ರಾಡಿ ತೆಗೆದು ತೋರಿಸಿದ. ಕಪ್ಪತಗುಡ್ಡದಲ್ಲಿ ಗಾಳಿಯಂತ್ರ ನಿಲ್ಲಿಸಿದ ಮೇಲೆ, ಗುಡ್ಡ ಅಗೆದ ಮೇಲೆ ನೀರು ಕೆಟ್ಟಿತು ಎಂದು ಊರಲ್ಲಿ ಮಾತಿದೆ. ಕುದಿಸಿ ಕುಡಿದರೆ ಸಾಕೇ? ಎರಡು ವರ್ಷದ ಮಗನೂ ಇದ್ದಾನೆ. ಅವ್ವನಿಗೆ 61, ಮೊಣಕಾಲು ನೋವು. ಅದೂ ಇದರಿಂದಲೇ ಬಂದದ್ದೇ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದಿರುವ ಆತಂಕ ಒಂದೇ ಎಂದು ನನಗೆ ಅನ್ನಿಸಿತು: ಓಣಿಯೆಲ್ಲ ಹೊಗಳುವ ನೀರನ್ನು ಮಕ್ಕಳಿಗೆ ಕುಡಿಸಿ ತಪ್ಪು ಮಾಡಿದೆವೇ, ಈಗ ಎಷ್ಟು ಹಣ ಸುರಿದರೆ ಅದು ಸರಿಹೋದೀತು ಎಂಬುದು. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೋರನ್ನು ಆಳ ಮಾಡಿಸಬೇಡಿ, ಯಂತ್ರಕ್ಕೆ ಮುಂಗಡವನ್ನೂ ಕೊಡಬೇಡಿ. ನಿಮ್ಮ ಮನೆಗೆ ಎರಡು ಬಗೆಯ ನೀರು ಈಗಾಗಲೇ ಬರುತ್ತಿದೆ, ಆದರೆ ಅವುಗಳ ಕೆಲಸ ಅದಲುಬದಲಾಗಿದೆ. ಕುಡಿಯಬೇಕಾದ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದೀರಿ, ಬಟ್ಟೆ ಒಗೆಯಬಹುದಾದ ನೀರನ್ನು ಕುಡಿಯುತ್ತಿದ್ದೀರಿ. ತಪ್ಪು ನಿಮ್ಮೊಬ್ಬರದಲ್ಲ. ಇಪ್ಪತ್ತು ವರ್ಷಗಳಿಂದ ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಲ್ಲಿ ನೀರಿನ ಮಾದರಿ ತೆಗೆಯುತ್ತ ತಿರುಗಿದ್ದೇನೆ. ನಾಲಿಗೆಯನ್ನು ನಂಬಿ ನೀರು ಆರಿಸಿದ ಮನೆಗಳನ್ನು ಲೆಕ್ಕ ಇಡುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದೇನೆ.

ಮೊದಲು ವರದಿಯನ್ನು ಓದೋಣ. ಕುಡಿಯುವ ನೀರಿಗೆ ನಮ್ಮಲ್ಲಿ ಅನ್ವಯವಾಗುವುದು ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡ. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದೇ ಇರುವ ಕಡೆ ಮಾತ್ರ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5. ನಿಮ್ಮ 2.6 ಎಂಬುದು ಗಾಬರಿಯಾಗಿ ಊರು ಬಿಡುವಂಥ ಅಂಕಿಯಲ್ಲ, ಆದರೆ ಎರಡು ವರ್ಷದ ಮಗುವಿರುವ ಮನೆಯಲ್ಲಿ ಮುಂದಿನ ವರ್ಷ ನೋಡೋಣ ಎನ್ನುವಂಥದ್ದೂ ಅಲ್ಲ.

ಇನ್ನು ಸಿಹಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಸವುಳು ನೀರಿನಲ್ಲಿ ಕಡಿಮೆ ಹೇಗೆ ಎಂಬ ಪ್ರಶ್ನೆ. ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ: "ಬೇಳೆ ಬೇಗ ಬೇಯುತ್ತದೆ." ಬೇಳೆ ಬೇಯದಂತೆ ತಡೆಯುವುದು ನೀರಿನಲ್ಲಿರುವ ಕ್ಯಾಲ್ಸಿಯಂ. ಅದು ಕಡಿಮೆಯಿದ್ದು ಸೋಡಾದ ಗುಣ ಹೆಚ್ಚಿದ್ದರೆ, ಅಡುಗೆ ಸೋಡಾ ಚಿಟಿಕೆ ಹಾಕಿದ ಹಾಗೆ, ಬೇಳೆ ಮೆತ್ತಗಾಗುತ್ತದೆ. ಫ್ಲೋರೈಡಿಗೂ ಕ್ಯಾಲ್ಸಿಯಮ್ಮಿಗೂ ಬಿಡದ ನಂಟು. ಎರಡೂ ನೀರಿನಲ್ಲಿ ಹೇರಳವಾಗಿ ಒಟ್ಟಿಗೆ ಇರಲಾರವು, ಕೂಡಿದರೆ ಕರಗದ ಕಲ್ಲಾಗಿ ತಳಕ್ಕೆ ಇಳಿಯುತ್ತವೆ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಒಂದು ಮಿತಿಯಾಚೆ ಏರುವುದಿಲ್ಲ. ಕ್ಯಾಲ್ಸಿಯಂ ಕಳೆದುಕೊಂಡ, ಕ್ಷಾರದ, ಪಿಎಚ್ 8 ದಾಟಿದ ಮೆದು ನೀರಿನಲ್ಲಿ ಅದನ್ನು ತಡೆಯುವವರೇ ಇಲ್ಲ. ನಿಮ್ಮ ಬೋರಿನ ಕ್ಯಾಲ್ಸಿಯಂ 22, ಪಿಎಚ್ 8.2. ನಾನು ಹಳ್ಳಿಗೆ ಹೋದಾಗ ಮಾದರಿ ತೆಗೆಯುವ ಮೊದಲು ಹೆಣ್ಣುಮಕ್ಕಳನ್ನು ಕೇಳುವುದು ಇದನ್ನೇ: ಯಾವ ಬೋರಿನ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸಬಕಾರ ಹೆಚ್ಚು ನೊರೆ ಬಿಡುತ್ತದೆ? ಅವರು ಬೆರಳು ಮಾಡಿ ತೋರಿಸಿದ ಬೋರಿನಿಂದಲೇ ಮೊದಲ ಬಾಟಲಿ ತುಂಬಿಕೊಳ್ಳುತ್ತೇನೆ.

ಈ ಫ್ಲೋರೈಡ್ ಬಂದದ್ದು ಕಲ್ಲಿನಿಂದ. ನಿಮ್ಮ ತಾಲೂಕಿನ ಬಯಲಿನ ಬಹುಭಾಗದ ಕೆಳಗೆ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ, 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ಬೋರು ಹೊಡೆಯುವಾಗ ಹೊರಬೀಳುವ ಬೂದು ಪುಡಿಯನ್ನು ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿದರೆ ಕಪ್ಪು ಚೂರುಗಳು ಮಿಣುಕುತ್ತವೆ. ಅದು ಅಭ್ರಕ, ಮಕ್ಕಳು ಕಾಗೆಬಂಗಾರವೆಂದು ಆರಿಸಿಕೊಳ್ಳುವ ವಸ್ತುವಿನ ಕಪ್ಪು ಜಾತಿ. ಆ ಅಭ್ರಕದಲ್ಲಿ, ಅಪಟೈಟ್ ಮತ್ತು ಫ್ಲೋರೈಟ್ ಎಂಬ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಮಳೆಯ ನೀರು ಮಣ್ಣಿನಲ್ಲಿ ಇಳಿದು, ಬಿರುಕುಗಳಲ್ಲಿ ನಿಂತು, ವರ್ಷಗಟ್ಟಲೆ ಕಲ್ಲನ್ನು ನೆಕ್ಕುತ್ತ ಅದನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆಯಿರುವ, ಬಿಸಿಲು ಹೆಚ್ಚಿರುವ ನಮ್ಮ ಸೀಮೆಯಲ್ಲಿ ಹೊಸ ನೀರು ಬಂದು ಹಳೆಯದನ್ನು ತೊಳೆಯುವುದು ನಿಧಾನ.

ಬೋರಿನವರ ಸಲಹೆ ತಲೆಕೆಳಗಾಗುವುದು ಇಲ್ಲಿಯೇ. ಆಳಕ್ಕೆ ಹೋದಷ್ಟೂ ನೀರು ಹಳೆಯದು, ಕಲ್ಲಿನೊಡನೆ ಕಳೆದ ಕಾಲ ಹೆಚ್ಚು, ಆದ್ದರಿಂದ ಫ್ಲೋರೈಡ್ ಹೆಚ್ಚಾಗುವ ಸಂಭವವೇ ಜಾಸ್ತಿ. ಎಲ್ಲ ಕಡೆಯೂ ಹಾಗೆಯೇ ಆಗುತ್ತದೆ ಎಂದು ಹೇಳಲಾರೆ, ಏಕೆಂದರೆ ಗಟ್ಟಿ ಕಲ್ಲಿನ ಪ್ರದೇಶದಲ್ಲಿ ನೂರಡಿ ಅಂತರದ ಎರಡು ಬೋರುಗಳು ಬೇರೆ ಬೇರೆ ಬಿರುಕುಗಳಿಂದ ನೀರೆಳೆಯುತ್ತವೆ. ಆದರೆ 600 ಅಡಿಗೆ ಇಳಿಸಿದರೆ ನೀರು ಒಳ್ಳೆಯದಾಗುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ, ಕೆಡುತ್ತದೆ ಎನ್ನಲು ಕಾರಣಗಳಿವೆ. ಅಡಿಯ ಲೆಕ್ಕದಲ್ಲಿ ಹಣ ಎಣಿಸಿಕೊಳ್ಳುವವರನ್ನು ಎಷ್ಟು ಆಳ ಬೇಕೆಂದು ಕೇಳಿದರೆ ಅವರು ಇನ್ನೇನು ಹೇಳಿಯಾರು? ಲಕ್ಕುಂಡಿಯ ನೂರೊಂದು ಗುಡಿ, ನೂರೊಂದು ಬಾವಿಯ ಮಾತು ನಿಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆ ಬಾವಿಗಳೆಲ್ಲ ಮೇಲ್ಪದರದ ನೀರಿನವು, ವರ್ಷವರ್ಷದ ಮಳೆಯಿಂದ ತುಂಬುತ್ತಿದ್ದಂಥವು. ನಾಲ್ಕೈದು ದಶಕಗಳಿಂದ ನಾವು ಆ ಪದರವನ್ನು ಬಿಟ್ಟು ಕೆಳಗಿಳಿದೆವು. ಕಲ್ಲಿನಲ್ಲಿದ್ದ ಫ್ಲೋರೈಡ್ ಹೊಸದಲ್ಲ, ಅದನ್ನು ಕೊಡ ತುಂಬಿ ಮೇಲೆ ತಂದದ್ದು ಹೊಸದು.

ಕಪ್ಪತಗುಡ್ಡದ ವಿಷಯ. ಗುಡ್ಡವನ್ನು ಅಗೆಯುವುದರಿಂದ ಮಣ್ಣು ಸವೆಯುತ್ತದೆ, ಹಳ್ಳಗಳಲ್ಲಿ ಹೂಳು ತುಂಬುತ್ತದೆ, ಇಳಿಯಬೇಕಾದ ಮಳೆನೀರು ಇಳಿಯದೆ ಹರಿದುಹೋಗುತ್ತದೆ. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದ್ದನ್ನು ನಾನು ಸಂತೋಷದಿಂದಲೇ ಸ್ವಾಗತಿಸಿದವನು. ಆದರೆ ನಿಮ್ಮ ಬೋರಿನ ಫ್ಲೋರೈಡನ್ನು ಗಾಳಿಯಂತ್ರದ ತಲೆಗೆ ಕಟ್ಟಲಾಗದು. ನಮ್ಮ ದೇಶದಲ್ಲಿ ಫ್ಲೋರೈಡಿನಿಂದ ಬರುವ ಕಾಯಿಲೆಯನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಆಗ ಅಲ್ಲಿ ಗಾಳಿಯಂತ್ರವೂ ಇರಲಿಲ್ಲ, ಹೊಲಕ್ಕೆ ಮೂಟೆಗಟ್ಟಲೆ ಸರ್ಕಾರಿ ಗೊಬ್ಬರ ಹಾಕುವ ಪದ್ಧತಿಯೂ ಇರಲಿಲ್ಲ. ಫಾಸ್ಫೇಟ್ ಗೊಬ್ಬರದಲ್ಲಿ ಸ್ವಲ್ಪ ಫ್ಲೋರೈಡ್ ಇರುವುದು ನಿಜ, ಆದರೆ ಗ್ರಾನೈಟಿನ ಪಾಲಿನ ಮುಂದೆ ಅದು ಸಣ್ಣದು. ಗೊಬ್ಬರದ ಗುರುತು ಬೇರೆ ಕಡೆ ಕಾಣುತ್ತದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸರಳು ಅದ್ದಿ ರಾಡಿ ತೋರಿಸಿದ ಹುಡುಗನ ಆಟವನ್ನು ನಾನೂ ಒಮ್ಮೆ ಎದುರಿಗೆ ಕುಳಿತು ನೋಡಿದ್ದೇನೆ. ಎರಡು ಲೋಟ: ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ವಿದ್ಯುತ್ ಹರಿಸಿದ ಒಂದೆರಡು ನಿಮಿಷಕ್ಕೆ ಮನೆಯ ನೀರು ಮೊದಲು ಹಸಿರಾಗಿ, ಆಮೇಲೆ ಕಂದಾಗಿ, ಮೇಲೆ ಕೆನೆ ಕಟ್ಟುತ್ತದೆ. ಯಂತ್ರದ ನೀರು ಹಾಗೆಯೇ ಇರುತ್ತದೆ. ನಾನು ಆ ಯಂತ್ರದ ನೀರಿಗೆ ಅಡುಗೆಮನೆಯ ಉಪ್ಪನ್ನು ಎರಡು ಚಿಟಿಕೆ ಹಾಕಿ ಮತ್ತೊಮ್ಮೆ ಮಾಡಲು ಹೇಳಿದೆ. ಅದೂ ಕಂದಾಯಿತು. ಆ ರಾಡಿ ನೀರಿನ ಕೊಳೆಯಲ್ಲ, ಸರಳಿನ ಕಬ್ಬಿಣವೇ ಕರಗಿ ತುಕ್ಕಾಗಿ ತೇಲುತ್ತಿರುವುದು. ಉಪ್ಪಿನಂಶವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯದ್ದರಿಂದ ಸರಳು ಕರಗುವುದಿಲ್ಲ, ಅಷ್ಟೇ. ಟಿಡಿಎಸ್ ಪೆನ್ನಿನದೂ ಇದೇ ಕತೆ. ಅದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆಯೇ ಹೊರತು ಅವುಗಳಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳಲಾರದು. 780ರಲ್ಲಿ 2.6 ಇದ್ದರೂ 0.6 ಇದ್ದರೂ ಪೆನ್ನಿಗೆ ಎರಡೂ ಒಂದೇ.

ಕುದಿಸುವ ಮಾತಿಗೆ ಒಂದೇ ಸಾಲಿನ ಉತ್ತರ ಸಾಕು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಅಲ್ಲಿಯೇ ಇರುತ್ತದೆ, ನೀರು ಆವಿಯಾಗಿ ಕಡಿಮೆಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಹೊಳೆ ನೀರನ್ನು ಕುದಿಸಿ, ಬೋರಿನ ನೀರನ್ನಲ್ಲ.

ಈಗ ಮನೆಯ ಮೂವರ ವಿಷಯಕ್ಕೆ ಬರುತ್ತೇನೆ. ಹಲ್ಲಿನ ಮೇಲ್ಪದರ ವಸಡಿನೊಳಗೆ ರೂಪುಗೊಳ್ಳುವಾಗ ಮಾತ್ರ ಫ್ಲೋರೈಡ್ ಅದನ್ನು ಕೆಡಿಸಬಲ್ಲದು. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗಿನ ಕಾಲ ಅದು. ಮುಂದಿನ ಹಲ್ಲುಗಳಿಗಂತೂ ಮೊದಲ ನಾಲ್ಕೈದು ವರ್ಷಗಳೇ ನಿರ್ಣಾಯಕ. ಮಗಳ ಹಲ್ಲಿನ ಮೇಲೆ ಈಗ ಕಾಣುತ್ತಿರುವುದು ಅವಳು ಎರಡು, ಮೂರು ವರ್ಷದವಳಿದ್ದಾಗ ಕುಡಿದ ನೀರಿನ ಗುರುತು. ಗೆರೆಗಳು ಅಡ್ಡಡ್ಡವಾಗಿ, ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಎತ್ತರದಲ್ಲಿದ್ದರೆ ಶಾಲೆಗೆ ಬಂದ ವೈದ್ಯರ ಮಾತು ಬಹುತೇಕ ಸರಿ. ಉಜ್ಜಿದರೆ ಅವು ಹೋಗುವುದಿಲ್ಲ, ಇದ್ದಿಲು, ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಹಲ್ಲೇ ಸವೆಯುತ್ತದೆ. ಇನ್ನು ಮುಂದೆ ಈ ಹಲ್ಲುಗಳ ಮೇಲ್ಪದರ ನೀರಿನಿಂದ ಹೊಸದಾಗಿ ಕೆಡುವುದೂ ಇಲ್ಲ. ಅವಳು ದೊಡ್ಡವಳಾದ ಮೇಲೆ ಬೇಕೆನಿಸಿದರೆ ದಂತವೈದ್ಯರು ಮೇಲ್ಪದರವನ್ನು ನವಿರಾಗಿ ಉಜ್ಜಿಯೋ ಹಲ್ಲಿನ ಬಣ್ಣದ ಲೇಪ ಕೊಟ್ಟೋ ಗೆರೆಗಳನ್ನು ಮರೆಮಾಡಬಲ್ಲರು. ಅಲ್ಲಿಯವರೆಗೆ, ಹಲ್ಲು ತಿಕ್ಕುವುದಿಲ್ಲವೇ ಎಂದು ಯಾರಾದರೂ ಅವಳನ್ನು ಛೇಡಿಸಿದರೆ, ಇದು ಕೊಳೆಯಲ್ಲ, ನೀರಿನಿಂದ ಬಂದದ್ದು ಎಂದು ಹೇಳಲು ಅವಳಿಗೆ ಕಲಿಸಿ. ಇಂಥ ಹಲ್ಲುಗಳ ಕಾರಣಕ್ಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಹರೆಯದ ಹುಡುಗಿಯರನ್ನು ನಾನು ಬಹಳ ಕಂಡಿದ್ದೇನೆ.

ಅವಸರವಿರುವುದು ಎರಡು ವರ್ಷದ ಮಗನ ವಿಷಯದಲ್ಲಿ. ಅವನ ಶಾಶ್ವತ ಹಲ್ಲುಗಳು ಈಗ ವಸಡಿನೊಳಗೆ ಕಟ್ಟಿಕೊಳ್ಳುತ್ತಿವೆ. ಇವತ್ತು ನೀರು ಬದಲಿಸಿದರೆ ಅವನ ಹಲ್ಲು ಬಹುಮಟ್ಟಿಗೆ ಉಳಿಯುತ್ತದೆ. ಟೂತ್‌ಪೇಸ್ಟ್ ಬಿಡಬೇಕಾಗಿಲ್ಲ. ಅವನಿಗೆ ಅಕ್ಕಿಕಾಳಿನಷ್ಟು, ಮಗಳಿಗೆ ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗುಳುವುದನ್ನು ರೂಢಿ ಮಾಡಿಸಿ.

ಅವ್ವನ ಮೊಣಕಾಲು ನೋವಿಗೆ ನೀರೇ ಕಾರಣವೆಂದು ನಾನು ಇಲ್ಲಿ ಕುಳಿತು ಹೇಳಲಾರೆ. 61ರ ಪ್ರಾಯದಲ್ಲಿ ಮೊಣಕಾಲು ಸವೆಯುವುದು ಫ್ಲೋರೈಡ್ ಇಲ್ಲದ ಊರುಗಳಲ್ಲಿಯೂ ಸಾಮಾನ್ಯ. ಫ್ಲೋರೈಡ್ ಮೂಳೆಯನ್ನು ಹಿಡಿದಾಗ ಮೊದಲು ಬಿಗಿಯುವುದು ಹೆಚ್ಚಾಗಿ ಕುತ್ತಿಗೆ, ಬೆನ್ನು, ಸೊಂಟ. ಮನೆಯಲ್ಲಿಯೇ ಮೂರು ಚಲನೆ ಮಾಡಿಸಿ ನೋಡಿ: ಮೊಣಕಾಲು ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಿಕೊಳ್ಳುವುದು. ಇವು ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ನೀರಿನ ವರದಿಯನ್ನೂ ತೋರಿಸಿ ವಿಚಾರಿಸಿ. ಮುಂಗೈಯ ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ ವೈದ್ಯರಿಗೆ ಅಂದಾಜು ಸಿಗುತ್ತದೆ. ಅವ್ವನಿಗೆ ಮೂತ್ರಪಿಂಡದ ತೊಂದರೆ ಇದ್ದರೆ ಅದನ್ನೂ ಹೇಳಿ, ಏಕೆಂದರೆ ಫ್ಲೋರೈಡನ್ನು ಹೊರಹಾಕುವುದು ಆ ಅಂಗವೇ.

ಎಷ್ಟು ಫ್ಲೋರೈಡ್ ಹೊಟ್ಟೆಗೆ ಹೋಗುತ್ತಿದೆ ಎಂಬ ಲೆಕ್ಕ ಸುಲಭ, ಹೆಚ್ಚಿನವರು ಎಡವುವುದೂ ಅದರಲ್ಲಿಯೇ. ಹೊಲದಲ್ಲಿ ದುಡಿಯುವ ಒಬ್ಬರು ದಿನಕ್ಕೆ ಮೂರು ಲೀಟರ್ ಕುಡಿದು, ಅನ್ನ, ಸಾರು, ಚಹಾ, ರೊಟ್ಟಿಯ ಮೂಲಕ ಇನ್ನೊಂದೂವರೆ ಲೀಟರ್ ಒಳಗೆ ತೆಗೆದುಕೊಂಡರೆ, ಒಟ್ಟು ನಾಲ್ಕೂವರೆ ಲೀಟರಿಗೆ 2.6ರಂತೆ 11.7 ಮಿಲಿಗ್ರಾಂ ಆಯಿತು. ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯದ ಸೂಚನೆಗಳಿವೆ ಎಂದೂ 14 ತಲುಪಿದರೆ ಅಪಾಯ ಖಚಿತವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಕಂಡ ಬಹಳಷ್ಟು ಮನೆಗಳಲ್ಲಿ ಕುಡಿಯಲು ಕ್ಯಾನಿನ ನೀರು ತರುತ್ತಾರೆ, ಅಡುಗೆಗೆ ಮಾತ್ರ ಬೋರಿನ ನೀರೇ ನಡೆಯುತ್ತದೆ. ಆಗಲೂ ಅಡುಗೆಯಿಂದಲೇ ಸುಮಾರು 4 ಮಿಲಿಗ್ರಾಂ ಒಳಗೆ ಹೋಗುತ್ತಿರುತ್ತದೆ, ಏಕೆಂದರೆ ಬೇಳೆ, ಅಕ್ಕಿ ನೀರನ್ನು ಹೀರುತ್ತವೆ, ರೊಟ್ಟಿಯ ಹಿಟ್ಟಿಗೆ ಹಾಕಿದ ಕುದಿನೀರು ಎಲ್ಲಿಯೂ ಹೋಗುವುದಿಲ್ಲ. ಆದ್ದರಿಂದ ಬದಲಿಸುವುದಾದರೆ ಎರಡನ್ನೂ ಬದಲಿಸಿ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 25 ಲೀಟರ್ ಸಾಕು. ಉಳಿದ ನೂರಾರು ಲೀಟರ್, ಸ್ನಾನ, ಬಟ್ಟೆ, ಪಾತ್ರೆ, ಸಂಡಾಸು, ಎಲ್ಲವೂ ಬೋರಿನದೇ ಆಗಲಿ, ಚರ್ಮದ ಮೂಲಕ ಫ್ಲೋರೈಡ್ ಒಳಗೆ ಹೋಗುವುದಿಲ್ಲ.

ಈ 25 ಲೀಟರನ್ನು ಎಲ್ಲಿಂದ ತರುವುದು ಎಂದರೆ, ನಿಮ್ಮ ಅಂಗಳದ ನಳದಿಂದ. ತುಂಗಭದ್ರೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ 1 ಮಿಲಿಗ್ರಾಮಿಗಿಂತ ಬಹಳ ಕಡಿಮೆ, ಏಕೆಂದರೆ ಅದು ಮಲೆನಾಡಿನ ಮಳೆಯ ನೀರು, ಕಲ್ಲಿನೊಳಗೆ ವರ್ಷಗಟ್ಟಲೆ ನಿಂತದ್ದಲ್ಲ. ಆರು ದಿನಕ್ಕೊಮ್ಮೆ ಬಂದರೂ ನಿಮಗೆ ಬೇಕಾಗುವುದು 150 ಲೀಟರ್. ಮುಚ್ಚಳ ಗಟ್ಟಿಯಾಗಿರುವ, ಕೆಳಗೆ ನಳವಿರುವ, ಕುಡಿಯುವ ನೀರಿಗೆಂದೇ ಮಾಡಿದ 200 ಲೀಟರಿನ ಒಂದು ಡ್ರಮ್ಮು ಸಾಕು. ಬೇಸಿಗೆಯಲ್ಲಿ ಅಂತರ ಹೆಚ್ಚಾಗುವುದಾದರೆ ಎರಡು. ಔಷಧ, ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ಮನ್ನು ಎಷ್ಟೇ ತೊಳೆದರೂ ಬಳಸಬೇಡಿ. ಮಳೆಗಾಲದ ಕೆಂಪು ನೀರಿಗೆ ಹೆದರುವುದು ಸಹಜ, ಆದರೆ ಆ ಕೆಂಪು ಕಣ್ಣಿಗೆ ಕಾಣುವ ಮಣ್ಣು. ಪಟಿಕದ ಹರಳನ್ನು ನೀರಿನಲ್ಲಿ ನಾಲ್ಕಾರು ಸುತ್ತು ತಿರುಗಿಸಿ ರಾತ್ರಿಯಿಡೀ ಬಿಟ್ಟರೆ ತಳಕ್ಕೆ ಕೂರುತ್ತದೆ. ತಿಳಿಯನ್ನು ಬೇರೆ ಮಾಡಿ, ಬಟ್ಟೆಯಲ್ಲಿ ಸೋಸಿ, ಕುದಿಸಿ. ಕುದಿಸಲಾಗದಿದ್ದರೆ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಬಿಡಿ. ಹೊಳೆ ನೀರಿನ ತೊಂದರೆ ಕ್ರಿಮಿಗಳದ್ದು, ಅದಕ್ಕೆ ಒಲೆಯೇ ಮದ್ದು. ಬೋರಿನ ತೊಂದರೆಗೆ ಒಲೆಯಲ್ಲಿ ಮದ್ದಿಲ್ಲ.

ಒಂದು ಎಚ್ಚರಿಕೆ ಇದೆ. ಹೊಳೆ ನೀರು ಸಾಲದ ದಿನಗಳಲ್ಲಿ ಅದೇ ಮೇಲ್ತೊಟ್ಟಿಗೆ ಪಂಚಾಯತಿಯ ಬೋರಿನ ನೀರನ್ನೂ ಏರಿಸುವುದು ಅನೇಕ ಊರುಗಳಲ್ಲಿ ಉಂಟು. ಆಗ ನಳದಲ್ಲಿ ಬರುವುದು ಎರಡರ ಮಿಶ್ರಣ. ನೀರುಗಂಟಿಯನ್ನು ಸಮಾಧಾನದಿಂದ ಕೇಳಿದರೆ ಯಾವ ದಿನ ಯಾವ ನೀರು ಬಿಟ್ಟೆ ಎಂದು ಹೇಳುತ್ತಾನೆ. ದೂರು ಕೊಡುವ ಧಾಟಿಯಲ್ಲಿ ಕೇಳಿದರೆ ಹೇಳುವುದಿಲ್ಲ.

ಎರಡನೆಯ ದಾರಿ ಮಳೆ. ಮೇಲ್ಮುದ್ದೆ ಮನೆಯ ಮಣ್ಣಿನ ಮಾಳಿಗೆಯ ನೀರು ಕುಡಿಯಲು ಬಾರದು, ಆದರೆ ನಿಮ್ಮಲ್ಲಿ 400 ಚದರಡಿಯಷ್ಟಾದರೂ ಸಿಮೆಂಟಿನ ಮಾಳಿಗೆ ಇದ್ದರೆ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬೀಳುವ ನಿಮ್ಮ ಸೀಮೆಯಲ್ಲಿ ಸೋರಿಕೆ ಕಳೆದೂ ಹದಿನೇಳು ಸಾವಿರ ಲೀಟರಿಗಿಂತ ಹೆಚ್ಚು ಸಿಗುತ್ತದೆ. ನಿಮಗೆ ಇಡೀ ವರ್ಷಕ್ಕೆ ಬೇಕಾಗುವುದು ಒಂಬತ್ತು ಸಾವಿರ ಚಿಲ್ಲರೆ. ಮಳೆ 400 ಮಿಲಿಮೀಟರಿಗೆ ಇಳಿದ ಬರಗಾಲದಲ್ಲಿಯೂ ಲೆಕ್ಕ ಕೂಡುತ್ತದೆ. ಮಳೆಯಿಲ್ಲದ ಏಳು ತಿಂಗಳಿಗೆ ಸುಮಾರು 6,000 ಲೀಟರಿನ, ಬೆಳಕು ಬೀಳದಂತೆ ಮುಚ್ಚಿದ ತೊಟ್ಟಿ ಬೇಕು. ವೆಚ್ಚವೆಲ್ಲ ಆ ತೊಟ್ಟಿಯದೇ. ಮೊದಲ ಒಂದೆರಡು ಮಳೆಯನ್ನು ಹೊರಗೆ ಬಿಡಬೇಕು, ಮಾಳಿಗೆಯ ಮೇಲೆ ಮೆಣಸಿನಕಾಯಿ, ಕಾಳು ಒಣಹಾಕುವುದನ್ನು ಮಳೆಗಾಲ ಮುಗಿಯುವವರೆಗೆ ಬೇರೆ ಕಡೆ ಮಾಡಿಕೊಳ್ಳಬೇಕು. ಮನೆಯ ಹಿರಿಯರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲವೆಂಬುದು ನನ್ನ ಅನುಭವ.

ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದ್ದರೆ ಅದೂ ಒಳ್ಳೆಯದೇ. ಆರ್‌ಒ ಎಂಬ, ಒತ್ತಡದಿಂದ ನೀರು ಸೋಸುವ ಪೊರೆ ಸರಿಯಿದ್ದರೆ ಫ್ಲೋರೈಡಿನ ಸುಮಾರು ಶೇ 90ರಷ್ಟನ್ನು ತಡೆಯುತ್ತದೆ. ಆದರೆ ಪೊರೆ ಹರಿದದ್ದು, ಸವೆದದ್ದು ರುಚಿಯಲ್ಲಿ ತಿಳಿಯುವುದಿಲ್ಲ. ನಾಣ್ಯ ಹಾಕಿದರೆ ನೀರು ಬರುತ್ತಲೇ ಇರುತ್ತದೆ. ಆರು ತಿಂಗಳಿಗೊಮ್ಮೆ ಅದರ ನೀರನ್ನೂ ಪರೀಕ್ಷಿಸಬೇಕು.

ಇಷ್ಟಾದ ಮೇಲೂ ಮನೆಗೇ ಯಂತ್ರ ಬೇಕೆಂದರೆ, ಮಾರುವವರು ಹೇಳದ ಎರಡು ವಿಷಯ ತಿಳಿದಿರಲಿ. ಅನೇಕ ಯಂತ್ರಗಳಲ್ಲಿ "ಟಿಡಿಎಸ್ ಕಂಟ್ರೋಲರ್" ಎಂಬ ಸಣ್ಣ ತಿರುಪು ಇರುತ್ತದೆ. ನೀರು ಸಪ್ಪೆಯೆನಿಸದಿರಲೆಂದು ಅದು ಶುದ್ಧ ನೀರಿಗೆ ಸ್ವಲ್ಪ ಕಚ್ಚಾ ನೀರನ್ನು ಬೆರೆಸುತ್ತದೆ. ಹತ್ತು ಪಾಲಿನಲ್ಲಿ ನಾಲ್ಕು ಪಾಲು ಬೆರೆಸಿದರೆ ನಿಮ್ಮ ಲೋಟದ ಫ್ಲೋರೈಡ್ ಮತ್ತೆ 1 ದಾಟುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ. ಎರಡನೆಯದು ಹೊರಬೀಳುವ ನೀರು. ಒಂದು ಲೀಟರ್ ಶುದ್ಧ ನೀರಿಗೆ ಎರಡು, ಮೂರು ಲೀಟರ್ ಹೊರಗೆ ಹೋಗುತ್ತದೆ, ಅದರಲ್ಲಿ ಫ್ಲೋರೈಡ್ 3.5ರ ಆಸುಪಾಸಿಗೆ ಏರಿರುತ್ತದೆ. ನೆಲ ಒರೆಸಲು, ಸಂಡಾಸಿಗೆ ಬಳಸಿ. ದನಕ್ಕೆ ಕುಡಿಸಬೇಡಿ, ಅವುಗಳ ಹಲ್ಲು, ಗೊರಸಿನ ಮೇಲಿನ ಮೂಳೆಗಳೂ ನಮ್ಮವುಗಳಂತೆಯೇ ಕೆಡುತ್ತವೆ. ಹಿತ್ತಲಿನ ಗಿಡಗಳಿಗೂ ಬೇಡ. ಅದರಲ್ಲಿ ಸೋಡಿಯಂ ಹೆಚ್ಚು, ಎರೆ ಮಣ್ಣಿಗೆ ಬಿದ್ದರೆ ನಾಲ್ಕಾರು ವರ್ಷದಲ್ಲಿ ಮಣ್ಣು ಹೆಪ್ಪುಗಟ್ಟಿ ನೀರು ಇಂಗುವುದು ನಿಲ್ಲುತ್ತದೆ.

ಅಲ್ಯುಮಿನಾ ಕಾಳುಗಳ ಸೋಸುಕ ಅಗ್ಗ, ವಿದ್ಯುತ್ತೂ ಬೇಡ. ಆದರೆ ನಿಮ್ಮದರಂಥ ಕ್ಷಾರದ ನೀರಿನಲ್ಲಿ ಅದರ ಶಕ್ತಿ ಬೇಗ ತೀರುತ್ತದೆ, ತೀರಿದ್ದು ಗೊತ್ತಾಗುವುದಿಲ್ಲ. ಸುಣ್ಣ ಮತ್ತು ಪಟಿಕ ಬೆರೆಸಿ ಫ್ಲೋರೈಡನ್ನು ಕೆಳಗಿಳಿಸುವ ನಲ್ಗೊಂಡ ವಿಧಾನ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ಕೊಡುಗೆ. ಅಳತೆ ತಿಳಿದವರು ಊರ ತೊಟ್ಟಿಯಲ್ಲಿ ಮಾಡಬೇಕಾದ ಕೆಲಸ ಅದು. ಅಂದಾಜಿನ ಮೇಲೆ ಮನೆಯ ಕೊಡದಲ್ಲಿ ಮಾಡಿದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ.

ಊಟದ ಮಾತನ್ನೂ ಸೇರಿಸುತ್ತೇನೆ, ಆದರೆ ಅದು ನೀರಿಗೆ ಬದಲಿಯಲ್ಲ. ಹಾಲು, ಮಜ್ಜಿಗೆ, ರಾಗಿ, ನುಗ್ಗೆ ಸೊಪ್ಪಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಸ್ವಲ್ಪ ಫ್ಲೋರೈಡನ್ನು ಹಿಡಿದು ಹೊರಗೆ ಕಳಿಸುತ್ತದೆ. ಹಾಲಿಲ್ಲದ ಕಪ್ಪು ಚಹಾದಲ್ಲಿ ಎಲೆಯ ಫ್ಲೋರೈಡೂ ಇರುವುದರಿಂದ ಅವ್ವನಿಗೆ ದಿನಕ್ಕೆ ನಾಲ್ಕಾರು ಲೋಟ ಕುಡಿಯುವ ರೂಢಿಯಿದ್ದರೆ ಕಡಿಮೆ ಮಾಡಿಸಿ.

ಪರೀಕ್ಷೆಗೆ ನೀರು ಕಳಿಸುವಾಗ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ. ಬೋರನ್ನು ಐದು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ ತುಂಬಿ. ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದ ನವೆಂಬರಿನಲ್ಲೊಮ್ಮೆ ಮಾಡಿಸಿದರೆ ಏರಿಳಿತ ತಿಳಿಯುತ್ತದೆ. ನಳದ ನೀರನ್ನು ಮೊದಲು ಕಳಿಸಿ. ಪಂಚಾಯತಿಯಲ್ಲಿ ಪರೀಕ್ಷಾ ಕಿಟ್ ಇದ್ದರೆ ಅದರ ಬಣ್ಣ ಗುಲಾಬಿಯಿಂದ ಹಳದಿಗೆ ತಿರುಗುವುದನ್ನು ನೋಡಿ ಅಂದಾಜು ಪಡೆಯಬಹುದು, ತೀರ್ಮಾನಕ್ಕೆ ಪ್ರಯೋಗಾಲಯವೇ ಬೇಕು. ಬೋರಿನ ಸುತ್ತ ಇಂಗುಗುಂಡಿ ತೋಡಿಸಿ ಮಳೆನೀರು ಇಳಿಸಿದರೆ ಫ್ಲೋರೈಡ್ ಕೆಲವೆಡೆ ತಗ್ಗುತ್ತದೆ. ಮಾಡಿಸಿ, ಆದರೆ ನೀರು ಉಳಿಯಲೆಂದು ಮಾಡಿಸಿ. ಅದನ್ನು ನಂಬಿ ಮತ್ತೆ ಕುಡಿಯಲು ಶುರು ಮಾಡಬೇಡಿ.

ಉಳಿದದ್ದು ಪಕ್ಕದ ಮನೆಯ ಸವುಳು ಬಾವಿ. ಫ್ಲೋರೈಡ್ 0.9 ಎಂದು ಅದರ ಕಡೆಗೆ ಮನಸ್ಸು ಮಾಡಬೇಡಿ. ಗೊಬ್ಬರದ ಗುರುತು ಎಂದೆನಲ್ಲ, ಅದು ಅಲ್ಲಿನ ನೈಟ್ರೇಟ್. ಮಿತಿ 45, ಬಾವಿಯಲ್ಲಿರುವುದು 95. ಹೊಲದ ಯೂರಿಯಾ, ತಿಪ್ಪೆ, ದನದ ಕೊಟ್ಟಿಗೆ, ಹತ್ತಿರದ ಸಂಡಾಸಿನ ಗುಂಡಿ, ಇವುಗಳಲ್ಲಿ ಒಂದೋ ಎಲ್ಲವೋ ಅದಕ್ಕೆ ಇಳಿಯುತ್ತಿವೆ. ಕುದಿಸಿದರೆ ಅದೂ ಹೋಗುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಈ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಆ ಮನೆಯಲ್ಲಿ ಹಸುಗೂಸಿದ್ದರೆ, ಅಥವಾ ಬಾಣಂತನಕ್ಕೆ ಮಗಳು ಬರುವವಳಿದ್ದರೆ, ನಿಮ್ಮ ಬೋರಿನ ಚಿಂತೆಗಿಂತ ಮೊದಲು ಈ ಮಾತನ್ನು ಇವತ್ತೇ ಅವರಿಗೆ ಮುಟ್ಟಿಸಿ.